ಟ್ರಾವೆಲ್ ಸಾಕರ್‌ಗೆ ಸೇರಿಸಬೇಕಾ, ಬೇಡವಾ? ಆಡಿಸಿದವರು ಹೇಳಿ

ಕೇಳಿದವರು, ಎಡಿಸನ್, ನ್ಯೂಜೆರ್ಸಿ:

ಮಗಳಿಗೆ 9 ವರ್ಷ. ಅಕ್ಟೋಬರ್ 2016ರಲ್ಲಿ ಹುಟ್ಟಿದವಳು. ಎರಡು ವರ್ಷದಿಂದ ಊರಿನ ರೆಕ್ ಲೀಗಿನಲ್ಲಿ (ಯಾರು ಬೇಕಾದರೂ ಸೇರಬಹುದಾದ ಲೀಗು) ಸಾಕರ್, ಅಂದರೆ ನಮ್ಮೂರ ಫುಟ್‌ಬಾಲ್, ಆಡುತ್ತಿದ್ದಾಳೆ. ಕೋಚ್ ಹೇಳಿದರು ಅಂತ ಒಂದು ಟ್ರಾವೆಲ್ ಕ್ಲಬ್ಬಿನ, ಅಂದರೆ ಮಕ್ಕಳನ್ನು ಆರಿಸಿ ಬೇರೆ ಊರುಗಳಿಗೆ ಆಡಲು ಕರೆದೊಯ್ಯುವ ಕ್ಲಬ್ಬಿನ, ಟ್ರೈಔಟ್‌ಗೆ ಕರೆದುಕೊಂಡು ಹೋದೆವು. ಎರಡನೇ ಟೀಮಿಗೆ ಆಯ್ಕೆ ಆಗಿದ್ದಾಳೆ. ವರ್ಷಕ್ಕೆ 2,800 ಡಾಲರ್. 48 ಗಂಟೆಯೊಳಗೆ ಉತ್ತರ ಕೊಡಬೇಕಂತೆ. ಅವಳಂತೂ ಮನೆ ತುಂಬ ಕುಣಿಯುತ್ತಿದ್ದಾಳೆ. ಮನೆಯವರು "ಕಾಲೇಜಿಗೆ ಅನುಕೂಲ ಆಗುತ್ತೆ, ಸೇರಿಸೋಣ" ಅಂತಾರೆ. 5 ವರ್ಷದ ಮಗ ಬೇರೆ ಇದ್ದಾನೆ. ನಿಜವಾಗಿ ಎಷ್ಟು ಖರ್ಚಾಗುತ್ತೆ, ಎಷ್ಟು ಓಡಾಟ? ಆಡಿಸಿದವರೂ ಬಿಡಿಸಿದವರೂ ಹೇಳಿ, ದಯವಿಟ್ಟು.

ಮೊದಲ ಉತ್ತರ, ಪ್ರಿನ್ಸ್‌ಟನ್ ಹತ್ತಿರದಿಂದ:

ಎಂಟು ವರ್ಷ ಆಡಿಸಿದವಳು ನಾನು. ಮಗಳಿಗೆ ಈಗ 17. ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಹಿಡಿದು ಕೂತು ಓದಿ.

ಮೊದಲು ದುಡ್ಡಿನ ವಿಷಯ. ಕ್ಲಬ್ ಹೇಳುವ ಫೀ ಮದುವೆ ಛತ್ರದ ಬಾಡಿಗೆ ಇದ್ದ ಹಾಗೆ. ಅಡುಗೆಯವರು, ಹೂವು, ವಾಲಗ ಎಲ್ಲ ಬೇರೆ. ಮಗಳು 13ರೊಳಗಿನ ಟೀಮಿನಲ್ಲಿದ್ದ ವರ್ಷ, ಹಾಲಿನ ಲೆಕ್ಕದ ಹಾಗೆ ಡೈರಿಯಲ್ಲಿ ಬರೆದಿಟ್ಟೆ. ಫೀ 3,200. ಯೂನಿಫಾರ್ಮು, ಬ್ಯಾಗು, ಜಾಕೆಟ್ಟು 380. ಐದು ವೀಕೆಂಡ್ ಹೋಟೆಲ್ 1,900. ಪೆಟ್ರೋಲು, ಟರ್ನ್‌ಪೈಕ್ ಟೋಲು ಸೇರಿ 900. ಹೊರಗಿನ ಊಟ 1,100. ಶೂ 260, ಯಾಕೆಂದರೆ ಹುಲ್ಲಿಗೆ ಒಂದು ಜೊತೆ, ಪ್ಲಾಸ್ಟಿಕ್ ಹುಲ್ಲಿನ ಟರ್ಫಿಗೆ ಒಂದು ಜೊತೆ, ಆರು ತಿಂಗಳಾಗುವಷ್ಟರಲ್ಲಿ ಕಾಲೇ ಬೆಳೆದಿರುತ್ತೆ. ಚಳಿಗಾಲದ ಇಂಡೋರ್ ಲೀಗ್ 300. ಒಟ್ಟು 8,000 ದಾಟಿತು. ಮನೆಯವರಿಗೆ ತೋರಿಸಿದೆ. ಅವರು ಡೈರಿ ಮುಚ್ಚಿ, "ಮುಂದಿನ ವರ್ಷ ಬರೀಬೇಡ" ಅಂದರು.

ಎಲ್ಲರಿಗೂ ಇಷ್ಟಾಗುವುದಿಲ್ಲ. ಆಸ್ಪೆನ್ ಇನ್‌ಸ್ಟಿಟ್ಯೂಟ್‌ನ ಪ್ರಾಜೆಕ್ಟ್ ಪ್ಲೇ ಸಮೀಕ್ಷೆ ಪ್ರಕಾರ, ಅಮೆರಿಕದ ಕುಟುಂಬಗಳು 2024ರಲ್ಲಿ ಒಂದು ಮಗುವಿನ ಮುಖ್ಯ ಆಟಕ್ಕೆ ಸರಾಸರಿ 1,016 ಡಾಲರ್ ಖರ್ಚು ಮಾಡಿವೆ. 2019ಕ್ಕಿಂತ ಶೇ 46 ಜಾಸ್ತಿ. ಆದರೆ ಆ ಸರಾಸರಿಯಲ್ಲಿ ರೆಕ್ ಲೀಗಿನ ಮಕ್ಕಳೂ ಇದ್ದಾರೆ. ಟ್ರಾವೆಲ್ ಅಂತ ಶುರುವಾದ ಮೇಲೆ ಲೆಕ್ಕವೇ ಬೇರೆ.

ಹೋಟೆಲಿನದ್ದು ಇನ್ನೊಂದು ಕಥೆ. ಎಷ್ಟೋ ಟೂರ್ನಮೆಂಟ್‌ಗಳಲ್ಲಿ ಅವರು ಹೇಳಿದ ಹೋಟೆಲಿನಲ್ಲೇ, ಅವರ ಮೂಲಕವೇ ಬುಕ್ ಮಾಡಬೇಕು. 'ಸ್ಟೇ ಟು ಪ್ಲೇ' ಅಂತಾರೆ. ನಾವೇ ಹುಡುಕಿದರೆ ಅದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತು. ಒಂದು ಸಲ ಮೈದಾನದಿಂದ 15 ಮೈಲಿ ದೂರದಲ್ಲೇ ನಮ್ಮ ಭಾವನ ಮನೆ ಇತ್ತು. ಸ್ವಂತ ಭಾವನ ಮನೆಯಲ್ಲಿ ಉಳಿಯೋದಕ್ಕೆ ಟೀಮ್ ಮ್ಯಾನೇಜರ್‌ಗೆ ಮೇಲ್ ಬರೆದು ಅನುಮತಿ ಕೇಳಿದೆ!

ಒಂದು ವೀಕೆಂಡ್ ಹೇಗಿರುತ್ತೆ ಅಂತ ಹೇಳುತ್ತೇನೆ. ನವೆಂಬರ್, ಡೆಲವೇರ್. ಆಟ ಬೆಳಿಗ್ಗೆ 8ಕ್ಕೆ, ಮಕ್ಕಳು 7ಕ್ಕೇ ಮೈದಾನದಲ್ಲಿರಬೇಕು. ಐದೂವರೆಗೆ ಎದ್ದು ಹೋಟೆಲ್ ರೂಮಿನ ಬಾತ್‌ರೂಮಿನಲ್ಲಿ ಪುಟಾಣಿ ರೈಸ್ ಕುಕ್ಕರ್ ಇಟ್ಟೆ. ಪುಳಿಯೋಗರೆ ಗೊಜ್ಜು ಮನೆಯಿಂದ ತಂದಿದ್ದೆ. ಕಾರಿಡಾರ್ ತುಂಬ ಹುಣಸೆ, ಇಂಗಿನ ಘಮ. ಪಕ್ಕದ ರೂಮಿನ ಅಮ್ಮ ಬಾಗಿಲು ತೆಗೆದು, "ಏನದು, ನಮಗೂ ಸಿಗುತ್ತಾ?" ಅಂತ ಕೇಳಿದಳು. ಮೈದಾನದಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಚಿಕ್ಕ ಮಗ ಕಂಬಳಿ ಸುತ್ತಿಕೊಂಡು ಕುರ್ಚಿಯಲ್ಲೇ ನಿದ್ದೆ. 0-5ರಲ್ಲಿ ಸೋತೆವು. ಮಗಳು ಆಡಿದ್ದು 11 ನಿಮಿಷ. ಮುಂದಿನ ಆಟ ಮಧ್ಯಾಹ್ನ 3:40ಕ್ಕೆ. ಅಷ್ಟು ಹೊತ್ತು ಪಾರ್ಕಿಂಗ್ ಲಾಟ್ ವಾಸ. ಎರಡನೇ ಆಟದಲ್ಲಿ 14 ನಿಮಿಷ. ಮಾರನೇ ದಿನ ಮಳೆ, ಆಟ ರದ್ದು. ಹೋಟೆಲು, ಊಟ ಸೇರಿ 420 ಡಾಲರ್, ಆಟ 25 ನಿಮಿಷ. ವಾಪಸ್ ಬರುವಾಗ ನಮ್ಮವರು ಸ್ಟಿಯರಿಂಗ್ ಹಿಡಿದೇ ಲೆಕ್ಕ ಹಾಕಿದರು: ನಿಮಿಷಕ್ಕೆ 17 ಡಾಲರ್ ಹತ್ತಿರ.

ಅದಕ್ಕೇ ಹೇಳೋದು, ಎರಡನೇ ಟೀಮು ಅಂದರೆ ಮೊದಲು ಕೇಳಬೇಕಾದ್ದು ಫೀ ಅಲ್ಲ. ಟೀಮಿನಲ್ಲಿ ಒಟ್ಟು ಎಷ್ಟು ಮಕ್ಕಳು, ಎಲ್ಲರನ್ನೂ ಅರ್ಧ ಹೊತ್ತಾದರೂ ಆಡಿಸುತ್ತೀರಾ, ಇದನ್ನು ಕೇಳಿ. ನಿಮ್ಮ ಮಗಳ ವಯಸ್ಸಿಗೆ 7 ಜನರ ಆಟ. ಅದಕ್ಕೆ 14 ಮಕ್ಕಳನ್ನು ಸೇರಿಸಿಕೊಂಡಿದ್ದರೆ ಅರ್ಧ ಟೀಮು ಬೆಂಚಿನ ಮೇಲೆ. ರೆಕ್ ಲೀಗಿನಲ್ಲಿ ಚೆಂಡಿನ ಹಿಂದೆ ಒಂದು ಗಂಟೆ ಓಡುವ ಮಗು, ಇಲ್ಲಿ ಎಷ್ಟೋ ಪಟ್ಟು ದುಡ್ಡು ಕೊಟ್ಟು ಕೂತು ನೋಡುತ್ತೆ.

ಇನ್ನು ನಿಮ್ಮ ಮಗನ ವಿಷಯ. ಇದನ್ನು ಯಾರೂ ಹೇಳುವುದಿಲ್ಲ. ನನ್ನ ಚಿಕ್ಕವನ ಬಾಲ್ಯದ ಶನಿವಾರಗಳೆಲ್ಲ ಅಕ್ಕನ ಮೈದಾನದ ಅಂಚಿನಲ್ಲೇ ಕಳೆದವು. ಎಂಟನೇ ವರ್ಷದ ಬರ್ತ್‌ಡೇಗೆ ಏನು ಬೇಕೋ ಅಂದರೆ, "ಶನಿವಾರ ಮನೆಯಲ್ಲಿರೋಣ" ಅಂದ. ಆವತ್ತು ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಮುಂದಿನ ಸೀಸನ್‌ನಿಂದ ನಾವಿಬ್ಬರೂ ಒಟ್ಟಿಗೆ ಹೋಗುವುದನ್ನು ನಿಲ್ಲಿಸಿದೆವು. ಒಬ್ಬರು ಮೈದಾನಕ್ಕೆ, ಒಬ್ಬರು ಅವನ ಜೊತೆ. ಮೊದಲೇ ಹಾಗೆ ಮಾಡಬೇಕಿತ್ತು.

ಭಾನುವಾರದ ಕನ್ನಡ ಕ್ಲಾಸು ಹೋಯಿತು. ಕನ್ನಡ ಕೂಟದ ರಾಜ್ಯೋತ್ಸವದ ಡ್ಯಾನ್ಸು ಹೋಯಿತು. ಆದರೆ ಒಂದು ತಮಾಷೆ ನೋಡಿ. ಮಗಳಿಗೆ ಕನ್ನಡ ಬಂದಿದ್ದೇ ಕಾರಿನಲ್ಲಿ. ಆಟ ಮುಗಿದು ಮಧ್ಯಾಹ್ನ ಒಂದಕ್ಕೆ ಹೊರಟರೆ ಹಾಸನದಲ್ಲಿ ರಾತ್ರಿ ಹತ್ತೂವರೆ. ನಮ್ಮತ್ತೆ ಮಲಗದೆ ಫೋನಿಗೆ ಕಾಯುತ್ತಿದ್ದರು. "ಗೆದ್ರಾ ಪುಟ್ಟಿ?" "ಸೋತ್ವಿ ಅಜ್ಜಿ." "ಹೋಗ್ಲಿ ಬಿಡು, ಏನು ತಿಂದೆ?" ಅಲ್ಲಿಂದ ಅರ್ಧ ಗಂಟೆ ಮಾತು. ಪ್ರತಿ ವಾರ ಸೋಲುತ್ತಿದ್ದರಿಂದ ಭೂತಕಾಲ ಚೆನ್ನಾಗಿ ಬಂತು ಅಂತ ನಮ್ಮವರು ರೇಗಿಸುತ್ತಾರೆ. ಎಂಟು ವರ್ಷದಲ್ಲಿ ನಮಗೆ ಸಿಕ್ಕ ದೊಡ್ಡ ಲಾಭ ಇದೇ ಅಂತ ನನಗೆ ಈಗಲೂ ಅನಿಸುತ್ತೆ. ಜೊತೆಗೆ ಅವಳಿಗೆ ಗೆಳತಿಯರು ಸಿಕ್ಕರು. ಬೆಂಚಿನಲ್ಲಿ ಕೂತರೂ ಮುಖ ಗಂಟು ಹಾಕದೆ ಇರುವುದು ಕಲಿತಳು. ಅದು ನನಗೇ ಇನ್ನೂ ಬಂದಿಲ್ಲ.

ನೋವು, ಗಾಯ. ಹನ್ನೊಂದನೇ ವಯಸ್ಸಿನಲ್ಲಿ ಹಿಮ್ಮಡಿ ನೋವು ಅಂತ ಕುಂಟತೊಡಗಿದಳು. ಬೆಳೆಯುವ ಮಕ್ಕಳಿಗೆ ಹಿಮ್ಮಡಿ ಮೂಳೆ ಬೆಳೆಯುವ ಜಾಗದಲ್ಲಿ ಬರುವ ನೋವು, ಸೀವರ್ಸ್ ಅಂತ ಡಾಕ್ಟರು ಹೇಳಿದರು. ಓಡಾಟ ಜಾಸ್ತಿ ಆದರೆ ಬರುತ್ತೆ, ಬಿಡುವು ಕೊಟ್ಟರೆ ಹೋಗುತ್ತೆ. ನಮಗೆ ಮೂರು ವಾರ ಬೇಕಾಯಿತು. ಇಲ್ಲಿನ ಮಕ್ಕಳ ವೈದ್ಯರ ಸಂಘ, ಅಂದರೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ವಾರಕ್ಕೆ ಒಂದೆರಡು ದಿನ ಮತ್ತು ವರ್ಷದಲ್ಲಿ ಎರಡು ಮೂರು ತಿಂಗಳು ಆ ಆಟಕ್ಕೆ ರಜೆ ಕೊಡಿ ಅನ್ನುತ್ತೆ. ಹದಿನೈದು ಹದಿನಾರು ವರ್ಷ ಆಗುವವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಅಂತಲೂ ಹೇಳುತ್ತೆ. ನಿಮ್ಮ ಕ್ಲಬ್ 'ವರ್ಷಪೂರ್ತಿ' ಅಂದರೆ ಚಳಿಗಾಲ ಬಿಡಬಹುದಾ ಕೇಳಿ. ನಾವು ಕೇಳಿದ ಮೇಲೆ ಒಪ್ಪಿದರು.

ಕಾಲೇಜಿನ ಮಾತು. ನಿಮ್ಮ ಮನೆಯವರು ಬೇಜಾರು ಮಾಡಿಕೊಳ್ಳಬಾರದು. ಹೈಸ್ಕೂಲಿನಲ್ಲಿ ಆಡುವ ನೂರು ಮಕ್ಕಳಲ್ಲಿ ಕಾಲೇಜಿನ ಕ್ರೀಡಾ ಸ್ಕಾಲರ್‌ಶಿಪ್ ಸಿಗುವುದು ಇಬ್ಬರಿಗೆ, ಅದೂ ಬಹಳಷ್ಟು ಸಲ ಪೂರ್ತಿ ಅಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್ ಥರದ ಐವಿ ಲೀಗ್ ಕಾಲೇಜುಗಳಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲ. ನಮ್ಮ ಜನ ಕನಸು ಕಾಣುವ ಎಂಐಟಿ, ಶಿಕಾಗೊ, ಎಮರಿ ಎಲ್ಲ ಡಿವಿಷನ್ 3, ಅಂದರೆ ಕಾಲೇಜು ಕ್ರೀಡೆಯ ಮೂರನೇ ವಿಭಾಗ, ಅಲ್ಲೂ ಇಲ್ಲ. ಕೋಚ್‌ಗೆ ಮಗು ಬೇಕಿದ್ದರೆ ಅಡ್ಮಿಷನ್‌ನಲ್ಲಿ ಅವರ ಮಾತಿಗೆ ಒಂದಿಷ್ಟು ಬೆಲೆ ಇರಬಹುದು. ಅಷ್ಟಕ್ಕೆ ಒಂಬತ್ತನೇ ವಯಸ್ಸಿನಿಂದಲೇ ದುಡ್ಡು ಸುರಿಯೋದಾ? ವರ್ಷಕ್ಕೆ 6,000 ಅಂತ ಹಿಡಿದರೂ ನಮ್ಮದು ಎಂಟು ವರ್ಷಕ್ಕೆ 48,000. 529 ಖಾತೆಗೆ, ಅಂದರೆ ಮಕ್ಕಳ ಓದಿಗೆ ಅಂತ ಇಲ್ಲಿರುವ ಉಳಿತಾಯ ಖಾತೆಗೆ, ಹಾಕಿದ್ದರೆ ಕಾಲೇಜಿಗೇ ಆಗುತ್ತಿತ್ತು. ನನ್ನ ಮಗಳು ಕಾಲೇಜಿನಲ್ಲಿ ಆಡುವುದಿಲ್ಲ. ಅವಳೇ ಬೇಡ ಅಂದಳು.

ಕೊನೆಗೆ ಒಂದು ಮುಖ್ಯ ವಿಷಯ, ನಿಮ್ಮ ಮಗಳು ಅಕ್ಟೋಬರ್‌ನವಳು ಅಂದಿರಲ್ಲ. ಇಷ್ಟು ವರ್ಷ ಸಾಕರ್‌ನಲ್ಲಿ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ ವಯಸ್ಸು ಹಿಡಿಯುತ್ತಿದ್ದರು. ಹಾಗಾಗಿ ಅವಳು ಗುಂಪಿನಲ್ಲಿ ಚಿಕ್ಕವಳಾಗಿ ಬೀಳುತ್ತಿದ್ದಳು. 2026-27ರ ಸೀಸನ್‌ನಿಂದ ಬಹುತೇಕ ಲೀಗ್‌ಗಳು ಆಗಸ್ಟ್ 1ರಿಂದ ಜುಲೈ 31ರ ಲೆಕ್ಕಕ್ಕೆ ಬದಲಾಗುತ್ತಿವೆ. ಆಗ ಅವಳು ಗುಂಪಿನ ದೊಡ್ಡವರಲ್ಲಿ ಒಬ್ಬಳು. ಈ ವಯಸ್ಸಿನಲ್ಲಿ ಹತ್ತು ತಿಂಗಳ ವ್ಯತ್ಯಾಸ ಅಂದರೆ ಎತ್ತರ, ಓಟ ಎರಡರಲ್ಲೂ ಕಾಣುತ್ತೆ. ಈಗ ಎರಡನೇ ಟೀಮಿಗೆ ಹಾಕಿದ್ದು ಯಾವ ಲೆಕ್ಕದ ಮೇಲೆ ಅಂತ ಕೇಳಿ.

ನಾನಾಗಿದ್ದರೆ? ಈ ವರ್ಷ ರೆಕ್, ಬೇಸಿಗೆಯಲ್ಲಿ ಒಂದು ಕ್ಯಾಂಪ್, ಹನ್ನೊಂದು ಹನ್ನೆರಡಕ್ಕೆ ಟ್ರಾವೆಲ್. ನಾವು ಒಂಬತ್ತಕ್ಕೇ ಶುರು ಮಾಡಿದ್ದು ಪಕ್ಕದ ಮನೆಯವರನ್ನು ನೋಡಿ.

ಎರಡನೇ ಉತ್ತರ, ಫ್ರಿಸ್ಕೊ, ಟೆಕ್ಸಸ್:

ನಮ್ಮ ಕಡೆ ಇದಕ್ಕೆ ಸೆಲೆಕ್ಟ್ ಅಂತಾರೆ. ಖರ್ಚಿನ ಬಗ್ಗೆ ಮೇಲಿನವರು ಹೇಳಿದ್ದು ನಿಜ. ನನ್ನದು ಮಂಡಿಯ ಮಾತು. ಮಗಳು 15ನೇ ವಯಸ್ಸಿನಲ್ಲಿ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು, ಹರಿದುಕೊಂಡಳು. ಯಾರೂ ಡಿಕ್ಕಿ ಹೊಡೆದಿರಲಿಲ್ಲ, ಓಡುತ್ತಿದ್ದವಳು ಸರಕ್ಕನೆ ತಿರುಗಿದಳು, ಅಷ್ಟೆ. ಆಪರೇಷನ್, ಒಂಬತ್ತು ತಿಂಗಳು ಫಿಸಿಯೋ, ಇನ್ಶೂರೆನ್ಸ್ ಇದ್ದರೂ ಕೈಯಿಂದ ಹೋಗಿದ್ದು 6,000. ಸಾಕರ್‌ನಲ್ಲಿ ಹುಡುಗಿಯರಿಗೆ ಈ ಗಾಯ ಹುಡುಗರಿಗಿಂತ ಜಾಸ್ತಿ ಆಗುತ್ತೆ ಅನ್ನುವುದು ನನಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು. ಫಿಫಾ 11+ ಅಂತ 20 ನಿಮಿಷದ ವಾರ್ಮ್‌ಅಪ್ ಇದೆ. ಸರಿಯಾಗಿ ಮಾಡಿಸಿದ ಟೀಮುಗಳಲ್ಲಿ ಗಾಯ ಕಡಿಮೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಅವಳ ಟೀಮಿನಲ್ಲಿ ವಾರ್ಮ್‌ಅಪ್ ಅಂದರೆ ಮೈದಾನಕ್ಕೆ ಎರಡು ಸುತ್ತು. ನಿಮ್ಮ ಕೋಚ್‌ಗೆ ಈ ಒಂದು ಪ್ರಶ್ನೆ ಕೇಳಿ, ಮುಖ ನೋಡಿ. ಅವಳು ಮತ್ತೆ ಆಡುತ್ತಿದ್ದಾಳೆ. ನಾನು ನೋಡೋಕೆ ಹೋಗಲ್ಲ, ಧೈರ್ಯ ಸಾಲದು.

ಮೂರನೇ ಉತ್ತರ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ:

ಒಂದೇ ವರ್ಷಕ್ಕೆ ಬಿಡಿಸಿದೆವು. ದುಡ್ಡಿಗಲ್ಲ. ಅಂಚಿನಲ್ಲಿ ನಿಂತು ಕೂಗುವ ಅಪ್ಪ ಅಮ್ಮಂದಿರಿಗೆ. ಹತ್ತು ವರ್ಷದ ಮಕ್ಕಳ ಆಟಕ್ಕೆ ರೆಫರಿಯಾಗಿ ಬಂದ ಹೈಸ್ಕೂಲ್ ಹುಡುಗನನ್ನು ಒಬ್ಬರು ಅಳಿಸಿಬಿಟ್ಟರು. ಕಾರಿನಲ್ಲಿ ಮಗ, "ಅಪ್ಪ, ನೀನೂ ಕೂಗ್ತಿದ್ದೆ" ಅಂದ. ಹೌದು, ಕೂಗುತ್ತಿದ್ದೆ. ಈಗ ಶಾಲೆಯ ಕ್ರಾಸ್ ಕಂಟ್ರಿ ಓಡುತ್ತಾನೆ. ಸೀಸನ್‌ಗೆ 100 ಡಾಲರ್ ಒಳಗೆ ಮುಗಿಯುತ್ತೆ, ಯಾರನ್ನೂ ಬೆಂಚಿನಲ್ಲಿ ಕೂರಿಸಲ್ಲ. ಶಾಲೆಯ ಟೀಮುಗಳನ್ನು ನಮ್ಮವರು ಯಾಕೋ ಲೆಕ್ಕಕ್ಕೇ ಇಡುವುದಿಲ್ಲ.

ನಾಲ್ಕನೇ ಉತ್ತರ, ಮೈಸೂರಿನಿಂದ:

ತಂಗಿ ಎಡಿಸನ್‌ನಲ್ಲಿದ್ದಾಳೆ, ಅವಳು ತೋರಿಸಿದಳು ಅಂತ ಓದಿದೆ. ಮಗ ಬ್ಯಾಡ್ಮಿಂಟನ್. ನಮ್ಮಲ್ಲೂ ಇದೇ ಪಾಡು, ಕಾರಿನ ಬದಲು ರೈಲು. ನಿಮಗೆ ಟೂರ್ನಮೆಂಟ್‌ಗೆ ಹೋದರೆ ಸಾಮಾನ್ಯವಾಗಿ ಮೂರು ಆಟ ಗ್ಯಾರಂಟಿ ಅಂತ ತಂಗಿ ಹೇಳಿದಳು. ಪುಣ್ಯವಂತರು! ಇಲ್ಲಿ ರ‍್ಯಾಂಕಿಂಗ್ ಟೂರ್ನಮೆಂಟ್ ನಾಕೌಟ್. ಎರಡು ರಾತ್ರಿ ರೈಲಿನಲ್ಲಿ ಹೋಗಿ, ಕ್ವಾಲಿಫೈಯಿಂಗ್ ಮೊದಲ ರೌಂಡಿನಲ್ಲಿ ಇಪ್ಪತ್ತು ನಿಮಿಷಕ್ಕೆ ಸೋತು, ವಾಪಸ್ ಟಿಕೆಟ್ ಮೂರು ದಿನ ಬಿಟ್ಟು ಇದ್ದಿದ್ದಕ್ಕೆ ಇಬ್ಬರೂ ಲಾಡ್ಜಿನಲ್ಲಿ ಕೂತು ಇಸ್ಪೀಟ್ ಆಡಿದ್ದೇವೆ. ಮಗನನ್ನು ಕೇಳಿದರೆ ಆ ಟ್ರಿಪ್ಪೇ ಬೆಸ್ಟ್ ಅಂತಾನೆ.

ಕೇಳಿದವರು, ಎಡಿಸನ್:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮ್ಯಾನೇಜರ್‌ಗೆ ಮೇಲ್ ಹಾಕಿದೆ. ಟೀಮಿನಲ್ಲಿ 13 ಮಕ್ಕಳಂತೆ. ಆಡಿಸುವ ಹೊತ್ತು "ಕೋಚ್‌ಗೆ ಬಿಟ್ಟಿದ್ದು" ಅಂತ ಉತ್ತರ. ಹೊಸ ವಯಸ್ಸಿನ ಲೆಕ್ಕದಲ್ಲಿ ಟೀಮುಗಳನ್ನು ಇನ್ನೊಮ್ಮೆ ನೋಡುತ್ತಾರಂತೆ. ಮನೆಯವರಿಗೆ ಸ್ಕಾಲರ್‌ಶಿಪ್ ಪ್ಯಾರಾ ಓದಿ ಹೇಳಿದೆ, ಸುಮ್ನೆ ಎದ್ದು ವಾಕಿಂಗ್ ಹೋದರು. ಮಗಳ ಹತ್ತಿರ ಇವತ್ತು ರಾತ್ರಿ ಮಾತಾಡುತ್ತೇನೆ. ಒಂದು ವೇಳೆ ಸೇರಿಸಿದರೆ ಮೊದಲು ಏನು ಕೊಳ್ಳಬೇಕು?

ಮೊದಲ ಉತ್ತರದವರು, ಪ್ರಿನ್ಸ್‌ಟನ್ ಹತ್ತಿರದಿಂದ:

ದುಡ್ಡು ಕಟ್ಟುವ ಮುಂಚೆ, ನಡುವೆ ಬಿಟ್ಟರೆ ವಾಪಸ್ ಎಷ್ಟು ಅನ್ನುವುದನ್ನು ಬರಹದಲ್ಲಿ ತರಿಸಿಕೊಳ್ಳಿ. ಕಷ್ಟ ಇದ್ದವರಿಗೆ ಫೀ ರಿಯಾಯಿತಿ ಎಷ್ಟೋ ಕ್ಲಬ್‌ಗಳಲ್ಲಿ ಇದೆ, ಕೇಳೋಕೆ ನಾಚಿಕೆ ಬೇಡ. ಶೂ ಹಳೆಯದು ಟೀಮಿನ ದೊಡ್ಡ ಮಕ್ಕಳ ಹತ್ತಿರ ಸಿಗುತ್ತೆ. ಮಡಚುವ ಕುರ್ಚಿ ಮಾತ್ರ ಒಳ್ಳೇದು ತಗೊಳ್ಳಿ. ನಾನು 12 ಡಾಲರಿನದು ತಂದು, ಎರಡನೇ ವಾರವೇ ಗೋಲ್ ಹೊಡೆದರು ಅಂತ ಎದ್ದು ಕೂರುವಾಗ ಹಿಂದಕ್ಕೆ ಬಿದ್ದೆ. ಗೋಲ್ ಹೊಡೆದಿದ್ದು ಎದುರು ಟೀಮು.