ಎಡಿಎಚ್‌ಡಿ ಪರೀಕ್ಷೆಗೆ ಅಮ್ಮನನ್ನು ಒಪ್ಪಿಸುವುದು ಹೇಗೆ? ಸಹಾಯ ಬೇಕು

ನನಗೆ 16 ವರ್ಷ. ಎಡಿಎಚ್‌ಡಿ (ಗಮನ ನಿಲ್ಲದಿರುವ, ಕೆಲವರಲ್ಲಿ ಅತಿ ಚಟುವಟಿಕೆಯೂ ಇರುವ ಸಮಸ್ಯೆ) ಇರಬಹುದು ಅನ್ನಿಸುತ್ತಿದೆ. ಒಂದೇ ಸಾಲನ್ನು ಹತ್ತು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಆದರೆ ಚಿತ್ರ ಬಿಡಿಸಲು ಕೂತರೆ ಊಟದ ನೆನಪೂ ಇರುವುದಿಲ್ಲ. ಅದಕ್ಕೇ ಅಮ್ಮ "ನಿನಗೆ ಸೋಮಾರಿತನ, ಅಷ್ಟೇ" ಅಂತಾರೆ. ನಾನು ಕುಣಿದಾಡುವ ಹುಡುಗಿಯಲ್ಲ, ಸುಮ್ನೆ ಕೂತು ಎಲ್ಲೋ ಕಳೆದುಹೋಗುತ್ತೇನೆ. ಹಾಗಾಗಿ ಯಾರಿಗೂ ಅನುಮಾನ ಬಂದಿಲ್ಲ.

ಇದಕ್ಕೆ ರಕ್ತ ಪರೀಕ್ಷೆ ಇಲ್ಲವಂತೆ. 12 ವರ್ಷಕ್ಕೆ ಮೊದಲೇ ಹೀಗಿತ್ತಾ, ಮನೆ ಶಾಲೆ ಎರಡೂ ಕಡೆ ಹೀಗೇನಾ ಅಂತ ಡಾಕ್ಟರ್ ಮನೆಯವರನ್ನೂ ಕೇಳುತ್ತಾರೆ. ಅಂದರೆ ಅಮ್ಮನ ಮಾತು ಬೇಕೇ ಬೇಕು, ಅಲ್ವಾ? ಅವರೇ ನಂಬದಿದ್ದರೆ?

ಮೂರನೇ ಕ್ಲಾಸಿನ ರಿಪೋರ್ಟ್ ಕಾರ್ಡ್‌ನಲ್ಲಿ "ಪಾಠದ ಕಡೆ ಗಮನವಿಲ್ಲ" ಎಂದು ಟೀಚರ್ ಬರೆದಿದ್ದಾರೆ. ಆಗ ಬೈಸಿಕೊಂಡಿದ್ದೆ, ಈಗ ಅದೇ ಸಾಕ್ಷಿ! ಅದನ್ನು ತೋರಿಸಿ ಮಾತು ಶುರು ಮಾಡಲೇ, ಇಲ್ಲಾ ಮೊದಲು ಶಾಲೆಯ ಕೌನ್ಸೆಲರ್ ಹತ್ತಿರ ಹೋಗಲೇ? ಈ ವಯಸ್ಸಿನಲ್ಲಿ ಪರೀಕ್ಷೆ ಮಾಡಿಸಿಕೊಂಡವರು ದಯವಿಟ್ಟು ಹೇಳಿ.