ಹಾಶಿ ಮಾಂಸ ಕೆಡದ ಹಾಗೆ ಇಡೋದು ಹೇಗೆ: ಈ ವಾರದ ಪ್ರಶ್ನೋತ್ತರ

ಎಲ್ರಿಗೂ ನಮಸ್ಕಾರ. ಗೊತ್ತಿಲ್ದೇ ಇರೋರಿಗೆ ಹೇಳ್ಬಿಡ್ತೀನಿ, ನಾನು ಹೆಬ್ಬಾಳದಲ್ಲಿ ವೆಟರ್ನರಿ ಓದಿದವನು, ಈಗ ಗಲ್ಫಲ್ಲಿ ಮಾಂಸ ತಪಾಸಣೆ ಕೆಲಸ. ಹೋದ ವಾರ ಕುರಿ ಬಗ್ಗೆ ಮಾತಾಡಿದ್ವಿ, ಈ ಸಲ ತುಂಬ ಜನ ಒಂಟೆ ಮಾಂಸ, ಅಂದ್ರೆ ಇಲ್ಲಿ ಹಾಶಿ ಅಂತಾರಲ್ಲ ಆ ಎಳೇ ಒಂಟೆ ಬಗ್ಗೆ ಕೇಳಿದೀರ. ಒಂದೊಂದೇ ತಗೋತೀನಿ.

ಪ್ರಶ್ನೆ (ಸಲಾಲದಿಂದ): ಸರ್, ಪಕ್ಕದ ಮನೆ ಓಮಾನಿ ಅಜ್ಜಿ ಒಂದು ಡಬ್ಬ ಮಅಜೀನ್ ಕೊಟ್ಟಿದ್ರು. ಒಣಗಿಸಿದ ಒಂಟೆ ಮಾಂಸ ಕೊಬ್ಬಲ್ಲಿ ಮುಳುಗಿಸಿಟ್ಟಿರೋದು, ತಿಂಗಳುಗಟ್ಟಲೆ ಕೆಡಲ್ಲ ಅಂದಿದ್ರು. ನಾವು ಹೊರಗೇ ಇಟ್ಕೊಂಡು ತಿಂತಿದ್ವಿ, ಈಗ ಖರೀಫ್ (ಇಲ್ಲಿನ ಮಳೆಗಾಲ) ಶುರು ಆದ್ಮೇಲೆ ಮೇಲೆ ಹಸಿರು ಬೂಷ್ಟು ಬಂದಿದೆ, ಒಂಥರಾ ಹುಳಿ ವಾಸನೆ. ಮೇಲಿಂದು ತೆಗೆದು ಬಿಸಿ ಮಾಡಿ ತಿನ್ಬಹುದಾ? ಬಿಸಾಕೋಕೆ ಮನಸ್ಸು ಬರ್ತಿಲ್ಲ.

ಉತ್ತರ: ಬಿಸಾಕಿ. ಅಜ್ಜಿ ಪ್ರೀತಿಯಿಂದ ಕೊಟ್ಟಿದ್ದು ಅಂತ ಬೇಜಾರಾಗುತ್ತೆ, ನಂಗೆ ಅರ್ಥ ಆಗುತ್ತೆ, ಆದ್ರೂ ನಾಲಿಗೆ ತುದಿಗೆ ಇಟ್ಟು ರುಚಿ ನೋಡೋದೂ ಬೇಡ.

ಯಾಕೆ ಅಂತ ಹೇಳ್ತೀನಿ. ಮಅಜೀನ್ ಕೆಡದೇ ಇರೋದು ಕೊಬ್ಬಿನಿಂದ ಅಂತ ಎಲ್ರೂ ಅಂದ್ಕೋತಾರೆ, ಅದಲ್ಲ, ಒಣಗಿರೋದ್ರಿಂದ. ಧೋಫಾರ್ ಕಡೆ, ಅಂದ್ರೆ ನಿಮ್ಮ ಸಲಾಲ ಇರೋ ಪ್ರಾಂತ್ಯದಲ್ಲಿ, ಮಾಂಸನ ಉದ್ದುದ್ದ ಪಟ್ಟಿ ಕೊಯ್ದು ಉಪ್ಪು ಹಚ್ಚಿ ಹಗ್ಗಕ್ಕೆ ನೇತು ಹಾಕ್ತಾರೆ, ಸರಿಯಾಗಿ ಒಣಗಿದ್ಮೇಲೆ ಸಣ್ಣ ತುಂಡು ಮಾಡಿ ಕೊಬ್ಬಲ್ಲಿ ಬೇಯಿಸಿ ಅದೇ ಕೊಬ್ಬಲ್ಲಿ ಇಡ್ತಾರೆ. ಸೊಮಾಲಿಯಾದಲ್ಲಿ ಇದನ್ನೇ ತುಪ್ಪದಲ್ಲಿ ಮಾಡಿ ಓದ್ಕಅ ಅಂತಾರೆ. ನಮ್ಮ ಕಡೆ ಉಪ್ಪುಕಂಡ ಇಲ್ವಾ, ಅದರ ಅಣ್ಣ ತಮ್ಮ ಇವೆಲ್ಲ. ಹಸಿ ಮಾಂಸದಲ್ಲಿ ಸೂಕ್ಷ್ಮಾಣುಗಳಿಗೆ ಸಿಗೋ ನೀರಿನ ಅಳತೆ (ವಾಟರ್ ಆಕ್ಟಿವಿಟಿ ಅಂತಾರೆ, ಬರೀ ನೀರಿಗೆ ಅದು 1) 0.99 ಇರುತ್ತೆ. ಉಪ್ಪು ಹಾಕಿ ಒಣಗಿಸಿ ಅದನ್ನ 0.85ಕ್ಕಿಂತ ಕೆಳಗೆ ತಂದ್ರೆ ಸ್ಟೆಫೈಲೊಕಾಕಸ್ ಕೂಡ ವಿಷ ಮಾಡೋಕಾಗಲ್ಲ, ಉಪ್ಪಿಗೆ ಜಗ್ಗದ ಬ್ಯಾಕ್ಟೀರಿಯಾ ಅದು. ಕೊಬ್ಬು ಬರೀ ಮುಚ್ಚಳ, ಗಾಳಿ ತೇವ ಒಳಗೆ ಹೋಗದ ಹಾಗೆ ತಡೆಯುತ್ತೆ ಅಷ್ಟೆ, ಯಾವುದನ್ನೂ ಕೊಲ್ಲಲ್ಲ. ಒಳಗಿನ ತುಂಡು ಅರೆಬರೆ ಒಣಗಿದ್ರೆ ಅದೇ ಮುಚ್ಚಳ ತಿರುಗಿ ಬೀಳುತ್ತೆ, ಯಾಕಂದ್ರೆ ಗಾಳಿ ಇಲ್ಲದ ಒದ್ದೆ ಜಾಗವೇ ಬಾಟುಲಿಸಂ (ಕೈಕಾಲು ಉಸಿರಾಟ ಸ್ವಾಧೀನ ತಪ್ಪಿಸೋ ವಿಷದ ಕಾಯಿಲೆ) ತರೋ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗೆ ಬೇಕಾಗಿರೋದು, ಅದಕ್ಕೆ ವಾಸನೆನೂ ಬರದೇ ಇರಬಹುದು.

ನಿಮ್ಮ ಡಬ್ಬ ಕೆಟ್ಟಿದ್ದು ಹೇಗೆ ಅಂತ ನಂಗೊಂದು ಅನುಮಾನ. ಒದ್ದೆ ಸ್ಪೂನ್ ಹಾಕಿದ್ರಾ? ಊರಲ್ಲಿ ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದ್ರೆ ಅಮ್ಮ ಬೈತಿದ್ರಲ್ಲ, ಇಲ್ಲೂ ಅದೇ ಲೆಕ್ಕ. ಸಲಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಜು, ಜಿಟಿಜಿಟಿ ಮಳೆ, ಥೇಟ್ ಮಲೆನಾಡು, ಆ ಗಾಳಿಯಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬ ಎಷ್ಟು ದಿನ ತಡಿಯುತ್ತೆ ಹೇಳಿ.

ಪ್ರಶ್ನೆ (ಜುಬೈಲ್): ನಾವು ಹಾಶಿಗೆ ಮೊಸರು ಅರಿಶಿನ ಬೆಳ್ಳುಳ್ಳಿ ನಿಂಬೆ ಹಚ್ಚಿ ರಾತ್ರಿ ಇಡ್ತೀವಿ, ಇದು ನ್ಯಾಚುರಲ್ ಪ್ರಿಸರ್ವೇಟಿವ್ ಅಂತಾರೆ, ಹಾಗಾದ್ರೆ ಫ್ರಿಜ್ ಬೇಕಾ? ಲವಂಗದೆಣ್ಣೆ ಒರೆಗಾನೊ ಎಣ್ಣೆ ಹಾಕಿದ್ರೆ ಕೆಮಿಕಲ್ ಬೇಡ್ವೇ ಬೇಡ ಅಂತ ವಿಡಿಯೋ ನೋಡಿದೆ.

ಉತ್ತರ: ಫ್ರಿಜ್ ಬೇಕೇ ಬೇಕು, 4 ಡಿಗ್ರಿ ಹತ್ರ ಇರಲಿ.

ವಿಡಿಯೋದಲ್ಲಿ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಲವಂಗದ ಯೂಜೆನಾಲ್, ಒರೆಗಾನೊದ ಕಾರ್ವಕ್ರಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಇವು ಬ್ಯಾಕ್ಟೀರಿಯಾದ ಪೊರೆಗೇ ತೂತು ಹಾಕ್ತವೆ, ಒಂಟೆ ಮಾಂಸದ ಮೇಲೂ ಇದರ ಪ್ರಯೋಗ ಆಗಿದೆ. ತೊಂದರೆ ಎಲ್ಲಿ ಅಂದ್ರೆ ಲ್ಯಾಬಿನ ಟ್ಯೂಬಲ್ಲಿ ಒಂದು ಹನಿ ಮಾಡೋ ಕೆಲಸ ಮಾಂಸದಲ್ಲಿ ಮಾಡೋಕೆ ಎಷ್ಟೋ ಪಟ್ಟು ಜಾಸ್ತಿ ಬೇಕಾಗುತ್ತೆ, ಎಣ್ಣೆ ಹೋಗಿ ಕೊಬ್ಬಲ್ಲಿ ಕರಗಿ ಕೂರುತ್ತೆ, ಅಷ್ಟು ಹಾಕಿದ್ರೆ ತಿನ್ನೋಕಾಗಲ್ಲ, ಹಲ್ಲುನೋವಿನ ಔಷಧಿ ಥರ ಇರುತ್ತೆ. ಇನ್ನೊಂದು, ಈ. ಕೊಲೈ ಸಾಲ್ಮೊನೆಲ್ಲಾ ಇವಕ್ಕೆ ಹೊರಗಡೆ ಇನ್ನೊಂದು ಪೊರೆ ಇರೋದ್ರಿಂದ ಲಿಸ್ಟೀರಿಯಾಗಿಂತ ಗಟ್ಟಿ. ಮೊಸರು ನಿಂಬೆ ಹುಳಿ ಮೇಲ್ಮೈಯಲ್ಲಿ ಬೆಳವಣಿಗೆ ನಿಧಾನ ಮಾಡುತ್ತೆ, ಒಳ್ಳೇದೇ, ಹಚ್ಚಿ. ಪಪ್ಪಾಯಿ ಶುಂಠಿ ಮಾತ್ರ ಬರೀ ಮೆತ್ತಗೆ ಮಾಡೋಕೆ, ಕಾಯೋಕಲ್ಲ.

ಮಸಾಲೆ ಎರಡನೇ ಕಾವಲುಗಾರ. ಮೊದಲನೇದು ತಣ್ಣಗಿಡೋದು, ಅದಕ್ಕಿಂತ ಮುಂಚೆ ಕಟ್ ಮಾಡೋ ಜಾಗ. ನಾನು ದಿನಾ ನೋಡ್ತೀನಿ, ಒಂಟೆ ಚರ್ಮ ಸುಲಿಯುವಾಗ ಕೂರಿಸಿದ ಹಾಗೇ ಡುಬ್ಬದಿಂದ ಕೆಳಗೆ ಸುಲೀತಾರೆ, ಕೂದಲಲ್ಲಿ ಮರಳು ಸಗಣಿ ಎಲ್ಲ ಇರುತ್ತೆ, ಚರ್ಮದ ಹೊರಮೈ ಮುಟ್ಟಿದ ಕೈ ಅದೇ ಕ್ಷಣ ಕೆಂಪು ಮಾಂಸ ಮುಟ್ಟಿದ್ರೆ ಅಲ್ಲಿಗೆ ಮುಗೀತು. ಅದಕ್ಕೇ ಚಾಕುನ 82 ಡಿಗ್ರಿ ನೀರಲ್ಲಿ ಅದ್ದಿ ಅದ್ದಿ ತೆಗೀಬೇಕು ಅಂತ ನಾನು ಗಲಾಟೆ ಮಾಡೋದು. ಆಮೇಲೆ ಒಂಟೆ ತೊಡೆ ಕುರಿ ತೊಡೆ ಅಲ್ಲ, ಅಷ್ಟು ದಪ್ಪ ಮಾಂಸದ ಮೂಳೆ ಪಕ್ಕದ ಬಿಸಿ ಇಳಿಯೋಕೆ ಎಷ್ಟೋ ಗಂಟೆ ಬೇಕು, ಹೊರಗೆ ಮುಟ್ಟಿದ್ರೆ ತಣ್ಣಗಿರುತ್ತೆ, ಒಳಗೆ ಇನ್ನೂ ಬೆಚ್ಚಗೆ. ಅಲ್ಲಿ ಶುರುವಾದ ಕೊಳೆತಕ್ಕೆ ನಿಮ್ಮನೆ ಅರಿಶಿನ ಏನೂ ಮಾಡಲ್ಲ. ಹಾಗಾಗಿ ಚಿಲ್ಲರಲ್ಲಿ ಇಟ್ಟಿರೋ ಅಂಗಡಿಯಿಂದ ತನ್ನಿ, ಹೊರಗೆ ಕೊಕ್ಕೆಗೆ ನೇತು ಹಾಕಿರೋದು ಬೇಡ.

ಪ್ರಶ್ನೆ (ರಿಯಾದ್): ನಿನ್ನೆ ತಂದಿದ್ದು ಇವತ್ತು ಕಂದು ಬಣ್ಣ ಆಗಿದೆ. ಕೆಟ್ಟಿದೆಯಾ?

ಉತ್ತರ: ಬಣ್ಣ ಒಂದನ್ನೇ ನೋಡಿ ಹೇಳೋಕಾಗಲ್ಲ, ಮಾಂಸದ ಕೆಂಪು ಗಾಳಿಗೆ ಕಂದಾಗೋದು ಸಹಜ. ಮುಟ್ಟಿ ನೋಡಿ, ಲೋಳೆ ಅಂಟಂಟಾಗಿದ್ರೆ, ಕೆಟ್ಟ ವಾಸನೆ ಇದ್ರೆ ಬಿಸಾಕಿ. ಆದ್ರೆ ವಾಸನೆ ಬರೋದು ಕೊಳೆಸೋ ಸೂಡೊಮೊನಾಸ್ ಥರದವು ಒಂದು ಗ್ರಾಂಗೆ ಕೋಟಿ ದಾಟಿದ್ಮೇಲೆ, ಕಾಯಿಲೆ ತರೋ ಸಾಲ್ಮೊನೆಲ್ಲಾ ವಾಸನೆನೇ ಕೊಡಲ್ಲ. ತುಂಡು ಮಾಂಸ ಫ್ರಿಜ್ಜಲ್ಲಿ 3ರಿಂದ 5 ದಿನ, ಖೀಮಾ 1ರಿಂದ 2 ದಿನ, ಆಮೇಲೆ ಫ್ರೀಜರ್. ಖೀಮಾ ಮಾಡಿದಾಗ ಮೇಲ್ಮೈಯಲ್ಲಿದ್ದ ಬ್ಯಾಕ್ಟೀರಿಯಾ ಒಳಗೆಲ್ಲ ಸೇರುತ್ತೆ, ಅದಕ್ಕೇ ಒಂಟೆ ಬರ್ಗರ್ ನಡುಭಾಗ 71 ಡಿಗ್ರಿ ಮುಟ್ಟಲೇಬೇಕು. ಫ್ರೀಜರಲ್ಲಿಟ್ರೆ ಬ್ಯಾಕ್ಟೀರಿಯಾ ಸಾಯಲ್ಲ, ಮಲಗಿರುತ್ತೆ.

ಪ್ರಶ್ನೆ (ದಮ್ಮಾಮ್): ರೂಮಲ್ಲಿರೋ ಲೋಕಲ್ ಫ್ರೆಂಡ್ಸ್ ಹಸಿ ಲಿವರ್, ಡುಬ್ಬದ ಕೊಬ್ಬು ಸೇರಿಸಿ ತಿಂತಾರೆ, ನಂಗೂ ಕೊಡ್ತಾರೆ. ಅವರಿಗೇನೂ ಆಗಿಲ್ವಲ್ಲ ಸರ್?

ಉತ್ತರ: ದಯವಿಟ್ಟು ತಿನ್ಬೇಡಿ. ಇದನ್ನ ಕೈ ಮುಗಿದು ಹೇಳ್ತಿದೀನಿ. 1997ರಲ್ಲಿ ಜೋರ್ಡಾನಲ್ಲಿ ಒಂಟೆ ಮಾಂಸ ತಿಂದು 12 ಜನಕ್ಕೆ ಗಂಟಲಲ್ಲಿ ಪ್ಲೇಗ್ ಬಂದಿದೆ, ಹೌದು, ನಮ್ಮ ಅಜ್ಜಂದಿರು ಊರು ಬಿಟ್ಟು ಗುಡಿಸಲು ಹಾಕ್ಕೊಂಡಿದ್ರಲ್ಲ ಅದೇ ಪ್ಲೇಗ್. ಸೌದಿಯಲ್ಲೂ ಹಸಿ ಒಂಟೆ ಲಿವರ್ ತಿಂದೋರಿಗೆ ಇದೇ ಆಗಿರೋದು ದಾಖಲಾಗಿದೆ. ಅದು ಅಪರೂಪ, ಒಪ್ತೀನಿ, ಆದ್ರೆ ಪ್ರಾಣಿಗಳಿಂದ ಬರೋ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಅಪರೂಪ ಅಲ್ಲ. ಬಂದು ಹೋಗೋ ಜ್ವರ, ಸೊಂಟ ನೋವು, ರಾತ್ರಿ ಬೆವರು, ವಾರಗಟ್ಟಲೆ ಮಾತ್ರೆ. 2012ರಲ್ಲಿ ಕಾಣಿಸ್ಕೊಂಡ, ಒಂಟೆಯಿಂದ ಮನುಷ್ಯರಿಗೆ ಬರೋ ಉಸಿರಾಟದ ಕಾಯಿಲೆ ಮರ್ಸ್ ವೈರಸ್ ವಿಷಯದಲ್ಲೂ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಇಷ್ಟೇ, ಹಸಿ ಹಾಲು, ಬೇಯದ ಮಾಂಸ ಬೇಡ. ಚೆನ್ನಾಗಿ ಬೆಂದ್ರೆ ಇವೆಲ್ಲ ಸಾಯ್ತವೆ. ಫ್ರೆಂಡ್ಸ್ ಮನಸ್ಸು ನೋಯದ ಹಾಗೆ ನಂದು ಮಾತ್ರ ತವಾ ಮೇಲೆ ಹಾಕಿ ಅನ್ನಿ.

ಪ್ರಶ್ನೆ (ದುಬೈ): ಶುಕ್ರವಾರ ಮಧ್ಯಾಹ್ನ ಮಾಡಿದ ಹಾಶಿ ಮಂದಿ (ಅನ್ನ ಮಾಂಸದ ಅರಬ್ಬೀ ಅಡುಗೆ) ರಾತ್ರಿ ತನಕ ಹಂಡೆಯಲ್ಲೇ ಇರುತ್ತೆ, ಮತ್ತೆ ಬಿಸಿ ಮಾಡಿದ್ರೆ ಸಾಕಲ್ವಾ?

ಉತ್ತರ: ಸಾಲಲ್ಲ. ಬೇಯಿಸಿದ್ರೂ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್ ಬೀಜಕ ಬದುಕಿರುತ್ತೆ, ಹಂಡೆ ಉಗುರುಬೆಚ್ಚಗೆ ಆದಾಗ ಎದ್ದು ಬೆಳೆಯುತ್ತೆ. ಅನ್ನದಲ್ಲಿ ಬೆಸಿಲಸ್ ಸೀರಿಯಸ್ ಬಿಡೋ ವಾಂತಿ ವಿಷ ಮತ್ತೆ ಕುದಿಸಿದ್ರೂ ಹೋಗಲ್ಲ. ಒಲೆಯಿಂದ ಇಳಿಸಿದ 2 ಗಂಟೆ ಒಳಗೆ ಅಗಲದ ಟ್ರೇಗಳಿಗೆ ತೆಳ್ಳಗೆ ಹರಡಿ ಫ್ರಿಜ್ಜಿಗೆ ಹಾಕಿ, ಹಂಡೆ ಸಮೇತ ಇಡಬೇಡಿ.

ಪ್ರಶ್ನೆ (ಮಸ್ಕತ್): ಒಣಗಿಸಿದ್ದನ್ನ ಊರಿಗೆ ತಗೊಂಡು ಹೋಗಬಹುದಾ?

ಉತ್ತರ: ಬೇಡ. ನಮ್ಮಲ್ಲಿ ಆಹಾರ ನಿಯಮದ ಮಾಂಸದ ಪ್ರಾಣಿಗಳ ಪಟ್ಟಿಯಲ್ಲಿ ಒಂಟೆನೇ ಇಲ್ಲ, ರಾಜಸ್ಥಾನದಲ್ಲಂತೂ 2015ರಿಂದ ಒಂಟೆ ಕಡಿಯೋದೇ ನಿಷೇಧ.

ಮತ್ತೆ ಸಲಾಲದಿಂದ: ಡಬ್ಬ ಬಿಸಾಕಿದೆ ಸರ್. ಅಜ್ಜಿಗೆ ಹೇಳಿದ್ರೆ ನಕ್ಕು, ಖರೀಫಲ್ಲಿ ಯಾರಾದ್ರೂ ಹೊರಗಿಡ್ತಾರಾ ಅಂದ್ರು. ಚಳಿಗಾಲದಲ್ಲಿ ನಾವೇ ಮಾಡ್ಬೇಕು ಅಂತಿದೀವಿ, ಹೇಗೆ?

ಉತ್ತರ: ಅಜ್ಜಿನ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿ, ನಂದು ಸ್ವಲ್ಪ ಸೇರಿಸ್ಕೊಳ್ಳಿ. ಕೊಬ್ಬಿಲ್ಲದ ಮಾಂಸ, ಬೆರಳಿಗಿಂತ ತೆಳ್ಳಗೆ ಪಟ್ಟಿ. ಮೊದಲು ಒಂದ್ಸಲ 71 ಡಿಗ್ರಿ ಬಿಸಿ ಕಾಣಿಸಿ, ಆಮೇಲೆ ಉಪ್ಪು, ಆಮೇಲೆ ನೊಣ ಬರದ ಹಾಗೆ ಬಲೆ ಕಟ್ಟಿ ಒಣಗಿಸಿ. 1 ಕೆಜಿ ಹಾಕಿದ್ದು ಸುಮಾರು 350 ಗ್ರಾಂಗೆ ಇಳೀಬೇಕು, ತೂಕ ಹಾಕಿ ನೋಡಿ, ಬಗ್ಗಿಸಿದ್ರೆ ಬಿರುಕು ಬಿಡಬೇಕು, ನಡುವೆ ಮೆತ್ತಗಿದ್ರೆ ಇನ್ನೊಂದು ದಿನ. ಕೊಬ್ಬಿಗೆ ಈರುಳ್ಳಿ ಬೆಳ್ಳುಳ್ಳಿ ಹಸೀದು ಹಾಕಬೇಡಿ, ನೀರು ಸೇರುತ್ತೆ. ಚಿಕ್ಕ ಚಿಕ್ಕ ಡಬ್ಬ ಮಾಡಿ ಫ್ರಿಜ್ಜಲ್ಲೇ ಇಡಿ. ಅಜ್ಜಿ ಕಾಲದಲ್ಲಿ ಫ್ರಿಜ್ ಇರಲಿಲ್ಲ ನಿಜ, ಅವರ ಕೈಗೆ ಒಣಗಿದ್ದು ಯಾವುದು ಅಂತ ಗೊತ್ತಿತ್ತು, ನಿಮ್ಮ ಕೈಗೆ ಅದು ಬರೋಕೆ ಎರಡು ಮೂರು ಚಳಿಗಾಲ ಬೇಕು. ಸ್ಪೂನ್ ಮಾತ್ರ ಒಣಗಿರಲಿ.