ವಲಸೆ ಬಂದ ನೆರೆಯವರಿಗಾಗಿ ನಮ್ಮ ಚರ್ಚ್ ಏನು ಮಾಡಬಹುದು?

ಪ್ರಶ್ನೆ:
ನಮ್ಮ ಚರ್ಚ್ ಸುತ್ತಮುತ್ತ ಬೇರೆ ದೇಶಗಳಿಂದ ಬಂದ ಕುಟುಂಬಗಳು ಜಾಸ್ತಿಯಾಗಿವೆ. ಹಾಲ್‌ನಲ್ಲಿ ದಿನಸಿ, ಬಟ್ಟೆ ಹಂಚಿದೆವು. ತುಂಬ ಜನ ಬಂದರು, ಚೀಲ ತೆಗೆದುಕೊಂಡರು, ಹೋದರು. ಒಬ್ಬರ ಹೆಸರೂ ನಮಗೆ ಗೊತ್ತಾಗಲಿಲ್ಲ. ಅವರನ್ನು ಆರಾಧನೆಗೆ ಕರೆಯಬೇಕಾ ಬೇಡವಾ ಅಂತ ಕಮಿಟಿಯಲ್ಲಿ ಜಗಳ ಬೇರೆ. ಮುಂದೆ ಏನು ಮಾಡೋಣ?

ಉತ್ತರ 1:
ಒಂದು ಮೇಜು, ನಾಲ್ಕು ಕುರ್ಚಿ ಹಾಕಿ, ಕಾಗದಪತ್ರ ಓದಿ ಹೇಳುವ ಕೆಲಸ ಶುರು ಮಾಡಿ. ನಮ್ಮ ಚರ್ಚ್‌ನಲ್ಲಿ ಶನಿವಾರ ನಾನು ಕೂರುವುದು ಅಲ್ಲೇ. ಶಾಲೆಯ ಪತ್ರ, ಕರೆಂಟ್ ಬಿಲ್, ಬಾಡಿಗೆ ಕರಾರು, ಎಲ್ಲ ಬರುತ್ತವೆ. ಒಬ್ಬ ತಾಯಿ ಪತ್ರವನ್ನು ಚಿಕ್ಕದಾಗಿ ಮಡಚಿ ಮುಷ್ಟಿಯಲ್ಲಿ ಹಿಡಿದು ತಂದಿದ್ದರು. ಮಗನ ಮೇಲೆ ದೂರು ಬಂದಿದೆ ಅಂತ ಭಯ. ಬಿಡಿಸಿ ನೋಡಿದರೆ ಪೋಷಕರ ಸಭೆಗೆ ಕರೆದಿದ್ದರು, ಅಷ್ಟೇ! ಹೀಗೆ ಕೂತು ಮಾತಾಡಿದರೆ ಹೆಸರು ತಾನಾಗಿ ಗೊತ್ತಾಗುತ್ತದೆ.

ಆದರೆ ವೀಸಾ, ಆಶ್ರಯದ ಅರ್ಜಿಗಳಿಗೆ ಮಾತ್ರ ಕೈ ಹಾಕಬೇಡಿ. ಒಂದು ತಾರೀಖು ತಪ್ಪಿದರೂ ಅವರಿಗೇ ಕುತ್ತು. ಆ ವಿಷಯ ಬಲ್ಲ ವಕೀಲರ ಹತ್ತಿರ ಕಳಿಸಿ. ಡಾಕ್ಟರ ಮುಂದೆ ಮಕ್ಕಳನ್ನು ದುಭಾಷಿ ಮಾಡುವುದೂ ಬೇಡ. ಅಮ್ಮನ ಕಾಯಿಲೆಯನ್ನು ಪುಟ್ಟ ಹುಡುಗಿಯ ಬಾಯಲ್ಲಿ ಹೇಳಿಸುವುದು ಇಬ್ಬರಿಗೂ ಹಿಂಸೆ.

ಉತ್ತರ 2:
ಆರಾಧನೆಯ ಸಮಯ ಬಾಗಿಲಲ್ಲಿ ಬರೆದಿರಲಿ, ಸಾಕು. ದಿನಸಿ ಚೀಲಕ್ಕೆ ಕರಪತ್ರ ತುರುಕಬೇಡಿ. ಬೈಬಲಿನ ಯಾಜಕಕಾಂಡ 19:34 ಪರದೇಶಿಯನ್ನು ನಿಮ್ಮಂತೆಯೇ ಪ್ರೀತಿಸಿ ಅನ್ನುತ್ತದೆ. ಅವನು ಸಭೆಗೆ ಬಂದರೆ ಮಾತ್ರ ಅಂತ ಅಲ್ಲಿಲ್ಲ. ಇನ್ನೊಂದು: ಬಂದವರಲ್ಲಿ ಕ್ರೈಸ್ತರೂ ಇರಬಹುದು ಅಲ್ವಾ? ತಮ್ಮ ಭಾಷೆಯಲ್ಲಿ ಪ್ರಾರ್ಥಿಸಲು ಅವರಿಗೊಂದು ಜಾಗ ಬೇಕಿರಬಹುದು. 1550ರಲ್ಲೇ ರಾಜ ಆರನೇ ಎಡ್ವರ್ಡ್ ಲಂಡನ್ನಿನ ಆಸ್ಟಿನ್ ಫ್ರಯರ್ಸ್ ಚರ್ಚನ್ನು ಹೊರದೇಶದಿಂದ ಓಡಿಬಂದ ಪ್ರಾಟೆಸ್ಟಂಟರಿಗೆ ಬಿಟ್ಟುಕೊಟ್ಟಿದ್ದ. ಅವರಲ್ಲಿ ಡಚ್ಚರು ಕಟ್ಟಿಕೊಂಡ ಸಭೆ ಈಗಲೂ ಅಲ್ಲೇ ಇದೆ.

ಪ್ರಶ್ನೆ ಕೇಳಿದವರು:
ಮೇಜಿನ ವಿಚಾರ ಹಿಡಿಸಿತು. ಆದರೆ ಅವರ ಭಾಷೆ ಬಲ್ಲವರು ನಮ್ಮ ಕಮಿಟಿಯಲ್ಲಿ ಒಬ್ಬರೂ ಇಲ್ಲ.

ಉತ್ತರ 1:
ಹಾಗಾದರೆ ಕಮಿಟಿಗೇ ಅವರನ್ನು ಸೇರಿಸಿಕೊಳ್ಳಿ. ಬೈಬಲಿನ ಅಪೊಸ್ತಲರ ಕೃತ್ಯಗಳು 6 ನೋಡಿ. ಯೆರೂಸಲೇಮಿನ ಮೊದಲ ಕ್ರೈಸ್ತ ಸಭೆಯ ಕಥೆ ಅದು. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಪಾಲು ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಿತು. ಆ ಕೆಲಸಕ್ಕೆ ಏಳು ಜನರನ್ನು ಆರಿಸಿದರು. ಏಳೂ ಗ್ರೀಕ್ ಹೆಸರುಗಳೇ! ಒಬ್ಬನಂತೂ ಅಂತಿಯೋಕ್ಯ ಅನ್ನುವ ಹೊರಗಿನ ಪಟ್ಟಣದವನು, ಯೆಹೂದ್ಯನಾಗಿ ಹುಟ್ಟಿದವನೂ ಅಲ್ಲ. ದೂರಿದವರ ಕಡೆಯವರಿಗೇ ಕೆಲಸ ಒಪ್ಪಿಸಿದರು ಅಂತ ನಾನು ಓದಿಕೊಳ್ಳುತ್ತೇನೆ.

ಸುಮ್ನೆ ಹೆಸರಿಗೆ ಸೇರಿಸಿಕೊಂಡರೆ ಸಾಲದು. ಹಾಲ್‌ನ ಬೀಗದ ಕೈ, ಖರ್ಚಿನ ಲೆಕ್ಕ ಎರಡನ್ನೂ ಕೊಡಿ. ಜಗಳ ಆಡಲೇಬೇಕು ಅಂತಿದ್ದರೆ ನಿಮ್ಮ ಕಮಿಟಿಯವರು ಈ ವಿಷಯಕ್ಕೆ ಆಡಲಿ.